ನೂರ ನಲವತ್ತೊಂದು ಬಾಕಿ ಪ್ರಶ್ನೆಗಳು

ಜನವರಿ 8

ಪ್ರೀತಿಯ ಅಕ್ಕ,

ಬೈಯಬೇಡ. ಹದಿನೈದು ದಿನಕ್ಕೊಂದು ಕಾಗದ ಎಂಬ ನಮ್ಮ ಒಪ್ಪಂದವನ್ನು ಮುರಿದು ಆಗಲೇ ಒಂದು ವಾರವಾಯಿತು. ಫೋನಿನಲ್ಲಾದರೆ ‘ಊಟ ಆಯ್ತಾ, ಆಯ್ತು, ಇಡ್ಲಾ, ಇಡು’ ಎಂದು ಎರಡು ನಿಮಿಷಕ್ಕೆ ಮುಗಿದುಹೋಗುತ್ತದೆ ಎಂದು ಈ ಕಾನೂನು ಹೊರಡಿಸಿದವಳು ನೀನು. ಕೈ ನೋಯಿಸಿಕೊಳ್ಳುವವನು ಮಾತ್ರ ನಾನು.

ಸುದ್ದಿ ಏನೆಂದರೆ, ಹೊಸದೊಂದು ಕೆಲಸಕ್ಕೆ ಕೈ ಹಾಕಿದ್ದೇನೆ. ಸಂಬಳವಿಲ್ಲ, ಹಾಗಾಗಿ ಅದನ್ನು ಕೆಲಸ ಎನ್ನಬಹುದೋ ಇಲ್ಲವೋ ನೀನೇ ಹೇಳು. ಇಲ್ಲಿನ ಸಂಶೋಧನಾ ವಿದ್ಯಾರ್ಥಿಗಳು ಹತ್ತು ಹನ್ನೆರಡು ಜನ ಸೇರಿ ಒಂದು ಆನ್‌ಲೈನ್ ಶಾಲೆ ಶುರು ಮಾಡಿದ್ದೇವೆ. ಓದನ್ನು ಅರ್ಧಕ್ಕೆ ಬಿಟ್ಟು ಕಾರ್ಖಾನೆ ಸೇರಿದವರಿಗಾಗಿ ಅದು. ಮೊಬೈಲಿನಲ್ಲೇ ಪಾಠ, ಮೊಬೈಲಿನಲ್ಲೇ ಪ್ರಶ್ನೆ. ಪ್ರಶ್ನೆ ಕೇಳಿದ ಎರಡು ದಿನದೊಳಗೆ ನಾವು ಉತ್ತರ ಕೊಡಬೇಕು. ಕೊನೆಗೆ ಪರೀಕ್ಷೆ ಪಾಸಾದರೆ ಸುರಕ್ಷತೆಯ ಸರ್ಟಿಫಿಕೇಟು. ನನ್ನ ಪಾಲಿಗೆ ಬಂದದ್ದು ಆರನೇ ಪಾಠ, ‘ಮುಚ್ಚಿದ ಜಾಗಗಳು’. ಟ್ಯಾಂಕಿಗೋ ಗುಂಡಿಗೋ ಇಳಿಯುವ ಮುಂಚೆ ಏನೇನು ನೋಡಿಕೊಳ್ಳಬೇಕು ಎಂಬುದು ವಿಷಯ. ಐದು ವರ್ಷದಿಂದ ಕೊಳೆನೀರಿನಿಂದ ಏಳುವ ವಿಷಾನಿಲವನ್ನು ಅಳೆಯುತ್ತ ಕೂತವನಿಗೆ ಅದು ನೀರು ಕುಡಿದಷ್ಟು ಸುಲಭ. ಕ್ಯಾಮೆರಾ ಮುಂದೆ ನಿಂತು ‘ಮೀಟರ್ ಹಿಡಿದು ನೋಡದೆ ಒಳಗೆ ಕಾಲಿಡಬೇಡಿ’ ಎಂದು ಹೇಳುವಾಗ ನನಗೇ ನನ್ನ ಮೇಲೆ ಗೌರವ ಬಂತು.

ಗೈಡ್ ಮೇಡಂಗೆ ಇನ್ನೂ ಹೇಳಿಲ್ಲ. ಮಾರ್ಚ್ ಹನ್ನೊಂದರೊಳಗೆ ಪ್ರಬಂಧ ಸಲ್ಲಿಸದಿದ್ದರೆ ನನ್ನ ನೋಂದಣಿ ರದ್ದು, ಐದು ವರ್ಷ ನೀರುಪಾಲು. ಅವರು ಅದನ್ನು ದಿನಕ್ಕೆರಡು ಸಲ ನೆನಪಿಸುತ್ತಾರೆ. ಸಂಜೆ ಎರಡು ಗಂಟೆ ಶಾಲೆಗೆ ಕೊಟ್ಟರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಅಲ್ಲವೇ?

ಭಾವನಿಗೆ ನಮಸ್ಕಾರ ಹೇಳು. ಪುಟ್ಟಿಗೆ ಮುತ್ತು.

ನಿನ್ನ ತಮ್ಮ


ಜನವರಿ 19

ಏನೋ ಪಂಡಿತ,

ಕಾಗದ ಬಂತು. ಸಂಬಳವಿಲ್ಲದ ಕೆಲಸ ಕಂಡರೆ ಓಡಿಹೋಗುವ ರೋಗ ನಮ್ಮ ಮನೆಯಲ್ಲಿ ನಿನ್ನೊಬ್ಬನಿಗೇ ಬಂದಿರುವುದು. ಆದರೂ ಓದಿ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ನಾನು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ದಿನಕ್ಕೆ ಮೂವತ್ತು ಗಾಜು ಉಜ್ಜುತ್ತೇನೆ. ಕೂದಲೆಳೆಯಷ್ಟು ಆಚೀಚೆ ಆದರೂ ಹಾಕಿಕೊಂಡವರಿಗೆ ತಲೆನೋವು ಬರುತ್ತದೆ. ನಿನ್ನದೂ ಅಂಥದೇ ಕೆಲಸ. ಎರಡನ್ನೂ ಹಿಡಿದರೆ ಎರಡನ್ನೂ ನೋಡಿಕೋ, ಆಗದಿದ್ದರೆ ಒಂದನ್ನು ಬಿಡು.

ನಿನ್ನ ಭಾವನ ಗುಂಪಿನ ಮೇಸ್ತ್ರಿ ಮೇ ತಿಂಗಳಲ್ಲಿ ನಿವೃತ್ತರಾಗುತ್ತಾರೆ. ಕಾಗದದ ಮಿಲ್ಲಿನಲ್ಲಿ ಮರದ ತಿರುಳು ತುಂಬಿಡುವ ಗುಂಡಿಗೆ ಹನ್ನೆರಡು ವರ್ಷ ಇಳಿದದ್ದಾಯಿತು, ಇನ್ನು ಮೇಲೆ ನಿಂತು ಬೇರೆಯವರನ್ನು ಹುಷಾರಾಗಿ ಇಳಿಸುವ ಕೆಲಸ ಸಿಕ್ಕರೆ ಸಾಕು ಎಂದು ಇವರ ಆಸೆ. ಅದಕ್ಕೆ ಯಾವುದೋ ಸರ್ಟಿಫಿಕೇಟು ಬೇಕಂತೆ. ಎಂಟನೇ ಕ್ಲಾಸಿಗೆ ಓದು ಬಿಟ್ಟವರಿಗೆ ಯಾರು ಕೊಡುತ್ತಾರೆ ಎಂದು ಮೊದಲು ಮುಖ ಸಪ್ಪೆ ಮಾಡಿಕೊಂಡಿದ್ದರು. ಈಗ ಸಂಜೆ ಬಂದವರೇ ಮೊಬೈಲು ಮತ್ತು ಪುಟ್ಟಿಯ ಹಳೇ ನೋಟ್‌ಬುಕ್ಕು ಹಿಡಿದು ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಾರೆ. ಒಳಗೆ ಏನು ಮಾಡುತ್ತಾರೆ ಎಂದು ನಿನಗೆ ಮಾತ್ರ ಹೇಳಬಾರದಂತೆ. ನನ್ನಿಂದ ಭಾಷೆ ತೆಗೆದುಕೊಂಡಿದ್ದಾರೆ. ಗಂಡಸರ ಬಿಂಕ, ಇನ್ನೇನು!

ಮೇಡಂಗೆ ಹೇಳಿಬಿಡು. ಮುಚ್ಚಿಟ್ಟುಕೊಂಡು ಕೂತರೆ ನಿನಗೆ ಅನ್ನ ಸೇರುವುದಿಲ್ಲ, ನನಗೆ ಗೊತ್ತು.

ಅಕ್ಕ


ಫೆಬ್ರವರಿ 11

ಪ್ರೀತಿಯ ಅಕ್ಕ,

ಭಾವ ಮೊಬೈಲಿನಲ್ಲಿ ಇಸ್ಪೀಟು ಶುರು ಮಾಡಿದ್ದಾರೆ, ಬೇರೇನಲ್ಲ. ಬಾಗಿಲು ಹಾಕಿಕೊಳ್ಳುವ ಗಂಡಸರ ಲಕ್ಷಣ ಅದೇ. ಕಣ್ಣಿಟ್ಟಿರು.

ಶಾಲೆಗೆ ನಾಲ್ಕು ನೂರು ಜನ ಸೇರಿದ್ದಾರೆ! ನಿಜವಾದ ಹೆಸರು ಹಾಕಲು ನಾಚಿಕೆಪಡುತ್ತಾರೆಂದು ಅಡ್ಡಹೆಸರು ಇಟ್ಟುಕೊಳ್ಳಲು ಬಿಟ್ಟಿದ್ದೇವೆ. ನನ್ನ ಪಾಠಕ್ಕೆ ‘ಕೊನೇ ಬೆಂಚು’ ಅಂತ ಒಬ್ಬ ಆಸಾಮಿ ಗಂಟುಬಿದ್ದಿದ್ದಾನೆ. ನಿನ್ನೆ ಬರೆದಿದ್ದ: ‘ಮೇಷ್ಟ್ರೇ, ವಿಷಾನಿಲಕ್ಕೆ ಕೊಳೆತ ಮೊಟ್ಟೆ ವಾಸನೆ ಅಂತೀರಿ. ನಮ್ಮ ಕ್ಯಾಂಟೀನಿನ ಮೊಟ್ಟೆಗೂ ಅದೇ ವಾಸನೆ. ಮೀಟರ್ ಯಾವುದಕ್ಕೆ ಹಿಡಿಯೋದು?’ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಗಂಭೀರವಾಗಿಯೇ ಬರೆದೆ, ಅನಿಲ ಜಾಸ್ತಿಯಾದಾಗ ಮೂಗು ಸತ್ತುಹೋಗುತ್ತದೆ, ವಾಸನೆಯೇ ತಿಳಿಯುವುದಿಲ್ಲ, ಹಾಗಾಗಿ ಮೂಗನ್ನು ನಂಬಬೇಡಿ ಎಂದು. ಅದಕ್ಕೆ ಅವನು ‘ಇದನ್ನ ಹನ್ನೆರಡು ವರ್ಷದ ಹಿಂದೆ ಯಾರಾದ್ರೂ ಹೇಳಿದ್ದಿದ್ರೆ’ ಎಂದು ಬರೆದ. ನಾಲ್ಕು ನೂರು ಜನರಲ್ಲಿ ಅವನೊಬ್ಬನಿಗೆ ನಾನು ಪಾಠ ಮಾಡುತ್ತಿದ್ದೇನೆ ಅನ್ನಿಸುತ್ತದೆ.

ಮೇಡಂಗೆ ಗೊತ್ತಾಯಿತು. ನಾನು ಹೇಳಲಿಲ್ಲ, ಬೇರೆಯವರು ಕಿವಿ ಊದಿದರು. ‘ನಿಂಗೆ ಡಿಗ್ರಿ ಬೇಕೋ, ಲೋಕೋದ್ಧಾರ ಬೇಕೋ? ಎರಡು ದೋಣೀಲಿ ಕಾಲಿಟ್ಟವನನ್ನ ನಾನು ಎಳೆದು ದಡಕ್ಕೆ ಹಾಕಲ್ಲ’ ಅಂದರು. ನಾಲ್ಕನೇ ಅಧ್ಯಾಯವನ್ನು ಪೂರ್ತಿ ತಿರುಗಿ ಬರೆಯಬೇಕಂತೆ. ಪ್ರಯೋಗಾಲಯದ ಮೂಲೆಯಲ್ಲಿ ನನ್ನ ಮೇಜು, ಅದರ ಮೇಲೆ ಎಡಕ್ಕೆ ಪ್ರಬಂಧ, ಬಲಕ್ಕೆ ಬಾಕಿ ಪ್ರಶ್ನೆಗಳು. ಇತ್ತೀಚೆಗೆ ಎಡಕ್ಕೇ ವಾಲುತ್ತಿದ್ದೇನೆ.

ನಿನ್ನ ತಮ್ಮ


ಫೆಬ್ರವರಿ 22

ಪಂಡಿತ,

ಅಂಗಡಿಯಲ್ಲಿ ಕೆಲಸ ಮೈಮೇಲೆ ಬಿದ್ದಿದೆ, ಚಿಕ್ಕದಾಗಿ ಬರೆಯುತ್ತೇನೆ. ನಿಮ್ಮ ಶಾಲೆಯಲ್ಲಿ ಎರಡು ದಿನದೊಳಗೆ ಉತ್ತರ ಎಂದು ಹೇಳಿ ಈಗ ಹತ್ತು ದಿನವಾದರೂ ಸುದ್ದಿಯಿಲ್ಲವಂತೆ. ಯಾರು ಹೇಳಿದರು ಎಂದು ಕೆದಕಬೇಡ. ಕನ್ನಡಕಕ್ಕೆ ಬಂದವರು ಹೇಳಿದರು ಅಂದುಕೋ. ಆಗದಿದ್ದರೆ ಆಗುವುದಿಲ್ಲ ಎಂದು ಬರೆದುಬಿಡು, ಅವರು ಬೇರೆ ಯಾರನ್ನಾದರೂ ಕೇಳಿಕೊಳ್ಳುತ್ತಾರೆ. ಕಾಯಿಸಬೇಡ.

ಮಿಲ್ಲಿನಲ್ಲಿ ಗಾಳಿ ನೋಡುವ ಮೀಟರು ಕೆಟ್ಟು ತಿಂಗಳಾಯಿತು, ರಿಪೇರಿಗೆ ಹೋದದ್ದು ಹೋಯಿತು. ನೀನು ಗಾಬರಿಯಾಗಬೇಡ. ನಿನ್ನ ಭಾವ ಕೇಳಿ ತಿಳಿದುಕೊಳ್ಳದೆ ಕಾಲಿಡುವವರಲ್ಲ.

‘ಕೊನೇ ಬೆಂಚಿ’ನ ಮೊಟ್ಟೆಯ ಮಾತನ್ನು ಇವರಿಗೆ ಓದಿ ಹೇಳಿದೆ. ತುಂಬಾ ಹೊತ್ತು ನಕ್ಕರು. ಮೇಷ್ಟ್ರಿಗೆ ಇಷ್ಟವಾಯಿತಾ ಎಂದು ಎರಡು ಸಲ ಕೇಳಿದರು.

ಅಕ್ಕ


ಮಾರ್ಚ್ 5

ಪ್ರೀತಿಯ ಅಕ್ಕ,

ಗೆದ್ದೆ! ನಾಲ್ಕನೇ ಅಧ್ಯಾಯ ಮುಗಿಯಿತು. ಹನ್ನೊಂದಕ್ಕೆ ಪ್ರಬಂಧ ಒಳಗೆ, ಏಪ್ರಿಲ್ ಹನ್ನೊಂದಕ್ಕೆ ಮೌಖಿಕ ಪರೀಕ್ಷೆ. ಹೊರಗಿನ ಪರೀಕ್ಷಕರು ಆಮೇಲೆ ಒಂದು ವರ್ಷ ಸಿಗುವುದಿಲ್ಲ, ಹಾಗಾಗಿ ಆ ದಿನ ಅಲ್ಲಾಡುವಂತಿಲ್ಲ ಎಂದು ಮೇಡಂ ಈಗಲೇ ಹೇಳಿಟ್ಟಿದ್ದಾರೆ.

ಶಾಲೆಯ ಹೊರೆಯನ್ನೂ ಇಳಿಸಿಕೊಂಡೆ. ಶಾಲೆಗೆ ಕಂಪ್ಯೂಟರು ಕೊಡುವವರು ನೋಡಲು ಬರುತ್ತಾರೆ, ಅಷ್ಟರಲ್ಲಿ ಯಾರ ಪಾಠದಲ್ಲೂ ಬಾಕಿ ಪ್ರಶ್ನೆ ಕಾಣಬಾರದು ಎಂದು ನಮ್ಮ ಸಂಚಾಲಕ ನಾಲ್ಕು ದಿನದಿಂದ ಪ್ರಾಣ ತಿನ್ನುತ್ತಿದ್ದ. ನನ್ನದರಲ್ಲಿ ನೂರ ನಲವತ್ತೊಂದು ಬಾಕಿ! ಒಂದೊಂದನ್ನೇ ಓದುತ್ತ ಕೂತರೆ ಪ್ರಬಂಧ ಗೋವಿಂದ. ಮೇಲಿನ ಮೂವತ್ತು ಓದಿದೆ. ಎಲ್ಲಾ ಒಂದೇ ರಾಗ: ‘ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ, ಸರಿಯಾ ಸಾರ್?’ ಮೂವತ್ತಕ್ಕೆ ಮೂವತ್ತೂ ಸರಿಯಾಗಿಯೇ ಇದ್ದವು, ಪಾಠ ಅಷ್ಟು ಚೆನ್ನಾಗಿದೆ. ಹಾಗಾಗಿ ಒಂದು ಉತ್ತರ ಬರೆದೆ: ‘ನೀವು ಅರ್ಥ ಮಾಡಿಕೊಂಡಿರುವುದು ಸರಿಯಾಗಿದೆ. ಮುಂದಿನ ಪಾಠಕ್ಕೆ ಹೋಗಿ.’ ಎಲ್ಲವನ್ನೂ ಒಟ್ಟಿಗೆ ಆರಿಸಿ ಒಂದೇ ಏಟಿಗೆ ಕಳಿಸಿದೆ. ನೂರ ನಲವತ್ತೊಂದು ಜನಕ್ಕೆ ಖುಷಿ, ಸಂಚಾಲಕನಿಗೆ ಖುಷಿ, ನನಗೆ ಒಂದು ಸಂಜೆ ಉಳಿಯಿತು. ಹೇಗಿದೆ ನಿನ್ನ ತಮ್ಮನ ತಲೆ?

ಈ ತಿಂಗಳ ಹನ್ನೊಂದು ಕಳೆಯಲಿ, ಬಂದು ಎರಡು ದಿನ ನಿಮ್ಮ ಮನೆಯಲ್ಲಿ ಬರೀ ನಿದ್ದೆ ಹೊಡೆಯುತ್ತೇನೆ.

ನಿನ್ನ ತಮ್ಮ


ಮಾರ್ಚ್ 16

ತಮ್ಮಾ,

ನೀನು ಹತ್ತನೇ ತಾರೀಕು ಬೆಳಿಗ್ಗೆ ಬಂದೆ, ಸಂಜೆ ಹೊರಟೆ. ಮಾರನೇ ದಿನ ನಿನ್ನ ಪ್ರಬಂಧ. ಹೋಗು ಎಂದವಳು ನಾನೇ, ಅದಕ್ಕೆ ನಿನ್ನನ್ನು ದೂರುವುದಿಲ್ಲ. ಬಂದವರು ಹೋದವರು ಯಾರೂ ನನ್ನ ಕಣ್ಣಿಗೆ ಸರಿಯಾಗಿ ಕಂಡಿರಲಿಲ್ಲ. ನೀನು ಪುಟ್ಟಿಯನ್ನು ಎತ್ತಿಕೊಂಡು ಮೆಟ್ಟಿಲ ಮೇಲೆ ಕೂತದ್ದು ಮಾತ್ರ ನೆನಪಿದೆ.

ನೀನು ಹೋದ ಎರಡು ದಿನಕ್ಕೆ, ಹನ್ನೆರಡಕ್ಕೆ, ನಿನ್ನ ಐದನೇ ತಾರೀಕಿನ ಕಾಗದ ಬಂತು. ಓದಿದೆ. ಮತ್ತೆ ಓದಿದೆ. ನಾಲ್ಕು ದಿನದಿಂದ ಅದನ್ನೇ ಓದುತ್ತಿದ್ದೇನೆ.

ಈಗ ಭಾಷೆ ಉಳಿಸಿಕೊಂಡು ಏನು ಮಾಡಲಿ. ‘ಕೊನೇ ಬೆಂಚು’ ನಿನ್ನ ಭಾವ. ಹೆಂಡತಿಯ ತಮ್ಮನ ಹತ್ತಿರ ಪಾಠ ಹೇಳಿಸಿಕೊಳ್ಳುವುದಕ್ಕೆ ನಾಚಿಕೆ ಅವರಿಗೆ. ಪಾಸಾದ ಮೇಲೆ ಸರ್ಟಿಫಿಕೇಟನ್ನು ನಿನ್ನ ಕೈಗೇ ಕೊಟ್ಟು ಬೆರಗು ಮಾಡಬೇಕು ಎಂದುಕೊಂಡಿದ್ದರು.

ಗುಂಡಿಯೊಳಗೆ ತಿರುಳು ಕಲಕುವ ತಿರುಗಣಿ ಸಿಕ್ಕಿಹಾಕಿಕೊಂಡಿತ್ತು, ಇಳಿದು ಬಿಡಿಸಬೇಕಿತ್ತು. ಮೀಟರ್ ಇಲ್ಲ. ಮುಚ್ಚಳ ತೆಗೆದು ಒಂದು ಗಂಟೆ ಗಾಳಿಗೆ ಬಿಟ್ಟು ಇಳಿಯಬಹುದಾ ಎಂದು ಶಾಲೆಗೆ ಬರೆದು ಕೇಳಿದ್ದೇನೆ ಎಂದು ನನ್ನ ಹತ್ತಿರ ಹೇಳಿದ್ದರು. ಎಂಟನೇ ತಾರೀಕು ಸಂಜೆ ಊಟಕ್ಕೆ ಕೂತಾಗ ‘ಮೇಷ್ಟ್ರು ಸರಿ ಅಂದ್ಬಿಟ್ರು ಕಣೇ’ ಅಂದರು. ಮಾರನೇ ದಿನ ಇಳಿದರು. ಹಗ್ಗ ಹಿಡಿದು ಮೇಲೆ ನಿಂತಿದ್ದ ಇವರ ಗುಂಪಿನ ವೆಲ್ಡರಣ್ಣ ಎಳೆದು ಹೊರಗೆ ಹಾಕುವಷ್ಟರಲ್ಲಿ ಮುಗಿದುಹೋಗಿತ್ತು. ಮೊಬೈಲು ಜೇಬಿನಲ್ಲೇ ಇತ್ತು, ತಿರುಳಿನಲ್ಲಿ ನೆನೆದು ಹಾಳಾಗಿದೆ.

ಕಾರ್ಖಾನೆ ಇಲಾಖೆಯ ಅಧಿಕಾರಿಯಿಂದ ವಿಚಾರಣೆ ನಡೆಯುತ್ತಿದೆ. ಸೂಪರ್‌ವೈಸರು ‘ಮೀಟರ್ ಬರೋವರೆಗೂ ಇಳೀಬೇಡ ಅಂತ ಹೇಳಿದ್ವಿ, ಹಟ ಮಾಡಿ ತಾನೇ ಇಳಿದ’ ಎಂದು ಹೇಳಿದ್ದಾನೆ. ಕುಡಿದಿದ್ದರು ಎಂದು ಇನ್ನೊಬ್ಬ ಸೇರಿಸಿದ. ಕುಡಿಯದವರನ್ನು! ಅವರು ಕೇಳಿದ ಪ್ರಶ್ನೆ, ನೀನು ಕೊಟ್ಟ ಉತ್ತರ, ಎರಡೂ ನಿಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಇರಬೇಕಲ್ಲ. ಅದನ್ನು ಮುದ್ರಿಸಿ ಕಳಿಸು. ಇಪ್ಪತ್ತಾರಕ್ಕೆ ಮುಂದಿನ ವಿಚಾರಣೆ. ದುಡ್ಡಿನ ಮಾತು ಬಿಡು. ಅವರು ಬೇಜವಾಬ್ದಾರಿ ಮನುಷ್ಯರಾಗಿರಲಿಲ್ಲ, ಅಷ್ಟು ಬರೆಸಿಕೊಂಡರೆ ನನಗೆ ಸಾಕು.

ಅಕ್ಕ


ಮಾರ್ಚ್ 22

ಅಕ್ಕ,

ನಿನ್ನ ಕಾಗದ ಓದಿದೆ. ಆ ಹೆಸರಿನಲ್ಲಿ ಭಾವ ಇದ್ದರೆಂದು ನನಗೆ ಗೊತ್ತಿದ್ದಿದ್ದರೆ! ನೀವಿಬ್ಬರೂ ಯಾಕೆ ಮುಚ್ಚಿಟ್ಟಿರಿ?

ನೀನು ಕೇಳಿದ್ದನ್ನು ಹುಡುಕಿದೆ. ಮಾರ್ಚ್ ಮೊದಲ ವಾರ ನಮ್ಮ ಸರ್ವರ್ ಬದಲಾಯಿತು. ಆ ಸಮಯದ ಹಳೆಯ ಪ್ರಶ್ನೋತ್ತರಗಳು ಹೊಸದಕ್ಕೆ ಬರಲಿಲ್ಲ ಎಂದು ಸಂಚಾಲಕ ಹೇಳುತ್ತಾನೆ. ತಾಂತ್ರಿಕ ಕಾರಣ. ನನ್ನ ಕೈಯಲ್ಲಿ ಏನೂ ಇಲ್ಲ.

ಒಂದು ಮಾತು ತಪ್ಪು ತಿಳಿಯಬೇಡ. ಆರನೇ ಪಾಠದಲ್ಲಿ ಮೀಟರ್ ಇಲ್ಲದೆ ಇಳಿಯಬಾರದು ಎಂದು ಮೂರು ಸಲ ಹೇಳಿದ್ದೇನೆ. ಆ ವಿಡಿಯೋ ಈಗಲೂ ಇದೆ. ಮಿಲ್ಲಿನವರು ಮೀಟರ್ ಕೊಡದೆ ಇಳಿಸಿದ್ದೇ ಮೂಲ ತಪ್ಪು. ವಿಚಾರಣೆಯಲ್ಲಿ ನೀನು ಅದನ್ನೇ ಒತ್ತಿ ಹೇಳು. ಬೇರೆ ವಿಷಯ ತಂದರೆ ಅವರ ಗಮನ ಬೇರೆ ಕಡೆ ಹೋಗುತ್ತದೆ.

ಪುಟ್ಟಿ ಶಾಲೆಗೆ ಹೋಗುತ್ತಿದ್ದಾಳಾ? ಊಟ ಮಾಡುತ್ತಿದ್ದಾಳಾ?

ತಮ್ಮ


ಮಾರ್ಚ್ 27

ನಿನ್ನ ಕಾಗದ ಇಪ್ಪತ್ತೈದಕ್ಕೆ ಬಂತು, ವಿಚಾರಣೆಯ ಹಿಂದಿನ ದಿನ.

ನೀನು ಹೇಳಿಕೊಟ್ಟ ಹಾಗೆ ಮೀಟರಿನ ಮಾತೆತ್ತಿದೆ. ಮಿಲ್ಲಿನ ವಕೀಲ ನಕ್ಕ. ‘ಮೀಟರ್ ಇಲ್ಲ ಅಂತ ಗೊತ್ತಿದ್ದೂ ಇಳಿದ್ರಲ್ಲಮ್ಮ, ಅದನ್ನೇ ತಾನೆ ನಾವು ಹೇಳ್ತಿರೋದು’ ಅಂದ. ನಾನು ಶಾಲೆಯ ಕಥೆ ಹೇಳಿದೆ. ಅಧಿಕಾರಿ ಒಳ್ಳೆಯವರೇ, ಪೂರ್ತಿ ಕೇಳಿಸಿಕೊಂಡರು, ಆಮೇಲೆ ‘ಕಾಗದ ಇದೆಯಾ?’ ಎಂದರು. ಇಲ್ಲ ಎಂದೆ. ‘ಸ್ವಂತ ನಿರ್ಲಕ್ಷ್ಯ’ ಎಂದು ಬರೆದರು. ಆದೇಶ ಇವತ್ತು ಕೈಗೆ ಕೊಟ್ಟರು, ಆಕ್ಷೇಪಣೆ ಇದ್ದರೆ ಇಂದಿನಿಂದ ಹದಿನೈದು ದಿನದೊಳಗೆ ತರಬೇಕಂತೆ.

ಸ್ವಂತ ನಿರ್ಲಕ್ಷ್ಯ ಅಂದ ಮೇಲೆ ಮಿಲ್ಲಿನವರು ಏನನ್ನೂ ಸರಿಪಡಿಸಬೇಕಾಗಿಲ್ಲ. ಏಪ್ರಿಲ್ ಹದಿನೈದಕ್ಕೆ ಅದೇ ಗುಂಡಿಗೆ ಮತ್ತೆ ಜನ ಇಳಿಯುತ್ತಾರೆ. ಮೀಟರ್ ಇನ್ನೂ ಬಂದಿಲ್ಲ. ಈ ಸಲ ಇಳಿಯುವವರು ವೆಲ್ಡರಣ್ಣ.

ಸರ್ವರ್ ಬದಲಾಯಿತು ಎಂದು ಬರೆದಿದ್ದೀಯ. ಚಿಕ್ಕಂದಿನಲ್ಲಿ ನೀನು ಸುಳ್ಳು ಹೇಳುವಾಗ ಮಾತು ಇದ್ದಕ್ಕಿದ್ದಂತೆ ಅಚ್ಚುಕಟ್ಟಾಗುತ್ತಿತ್ತು. ಈ ಕಾಗದದಲ್ಲಿ ಒಂದು ಚಿತ್ತೂ ಇಲ್ಲ. ಪುಟ್ಟಿ ಊಟ ಮಾಡುತ್ತಾಳಾ ಎಂದು ಕೇಳಿದ್ದೀಯ. ಇಲ್ಲ.


ಮಾರ್ಚ್ 31

ಅಕ್ಕ,

ಸುಳ್ಳು ಹೇಳಿದೆ. ಸರ್ವರ್ ಬದಲಾಗಿಲ್ಲ. ಎಲ್ಲವೂ ಇದೆ. ನಿನ್ನ ಹದಿನಾರನೇ ತಾರೀಕಿನ ಕಾಗದ ಬಂದ ದಿನವೇ ತೆಗೆದು ನೋಡಿದ್ದೆ. ಅಳಿಸಿಬಿಡಲೇ ಎಂದು ಎರಡು ದಿನ ಯೋಚಿಸಿದೆ, ಅದನ್ನೂ ಹೇಳಿಬಿಡುತ್ತೇನೆ. ಬೆರಳು ಬರಲಿಲ್ಲ. ನನ್ನ ಹೆಸರು ಹೊರಗೆ ಬಂದರೆ ಪದವಿ ಹೋಗುತ್ತದೆ, ವಿಷಾನಿಲದ ಮೇಲೆ ಪ್ರಬಂಧ ಬರೆದವನು ವಿಷಾನಿಲಕ್ಕೆ ಒಬ್ಬರನ್ನು ಕೊಟ್ಟ ಎಂದು ಜನ ಆಡಿಕೊಳ್ಳುತ್ತಾರೆ ಎಂಬ ಹೆದರಿಕೆ. ಆ ಹೆದರಿಕೆಯಲ್ಲಿ ನಿನಗೆ ಮೋಸ ಮಾಡಿದೆ.

ಮುದ್ರಿಸಿದ ಪ್ರತಿ ಇದರ ಜೊತೆಗಿದೆ. ನೀನು ಓದುವ ಮುಂಚೆ ನಾನೇ ಹೇಳಬೇಕು, ಯಾಕೆಂದರೆ ಅದರಲ್ಲಿ ನಿನಗೆ ಗೊತ್ತಿಲ್ಲದ್ದು ಒಂದಿದೆ.

ಫೆಬ್ರವರಿ ಹದಿಮೂರರ ಪ್ರಶ್ನೆ: ‘ಮೇಷ್ಟ್ರೇ, ನಮ್ಮಲ್ಲಿ ಮೀಟರ್ ಕೆಟ್ಟಿದೆ. ಮುಚ್ಚಳ ತೆಗೆದು ಒಂದು ಗಂಟೆ ಬಿಟ್ಟರೆ ಅನಿಲ ಹೋಗುತ್ತೆ, ಆಮೇಲೆ ಇಳಿಯಬಹುದು ಅಂತ ನಾನು ತಿಳಿದುಕೊಂಡಿದ್ದೇನೆ. ಸರಿಯಾ?’ ನನ್ನ ಉತ್ತರ ನಿನಗೆ ಗೊತ್ತು. ಮಾರ್ಚ್ ಐದಕ್ಕೆ ಹೋಗಿದೆ. ಅವರು ಅದನ್ನು ತೆರೆದದ್ದು ಎಂಟರ ಮಧ್ಯಾಹ್ನ.

ಆಮೇಲೆ ಒಂಬತ್ತನೇ ತಾರೀಕು ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಮತ್ತೊಂದಿದೆ: ‘ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ, ಇನ್ನೊಂದು ಸಲ ಕೇಳ್ತಿದ್ದೇನೆ. ತಳದ ತಿರುಳು ಕಲಕಿದರೆ ಹೊಸ ಅನಿಲ ಏಳಲ್ವಾ? ಮುಚ್ಚಳ ಈಗ ತೆಗೆದಿದ್ದೇವೆ. ಒಂದು ಗಂಟೆ ಕಾಯ್ತೀನಿ. ಅಷ್ಟರಲ್ಲಿ ಬೇಡ ಅಂತ ಒಂದು ಮಾತು ಹಾಕಿದ್ರೆ ಇಳಿಯಲ್ಲ.’

ಅಕ್ಕ, ಅವರು ಕೇಳಿದ್ದು ಸರಿಯಾದ ಪ್ರಶ್ನೆ. ನನ್ನ ಪ್ರಬಂಧದ ನಾಲ್ಕನೇ ಅಧ್ಯಾಯವಿಡೀ ಆ ಒಂದು ಪ್ರಶ್ನೆಗೆ ಉತ್ತರ. ಹೌದು, ಕಲಕಿದರೆ ಏಳುತ್ತದೆ. ಒಂಬತ್ತು ಹತ್ತಕ್ಕೆ ನಾನು ಮೇಡಂ ಕೋಣೆಯಲ್ಲಿ ಕೂತು ಪುಟ ಸಂಖ್ಯೆ ಸರಿಮಾಡುತ್ತಿದ್ದೆ. ಜೇಬಿನಲ್ಲಿ ಫೋನು ಅದುರಿತು. ತೆಗೆದು ನೋಡಿದೆ. ‘ಕೊನೇ ಬೆಂಚು’ ಎಂದಿತ್ತು. ಆಮೇಲೆ ನೋಡಿದರಾಯಿತು ಎಂದು ಒಳಗಿಟ್ಟೆ.

ಉತ್ತರ ಬಂತಾ ಎಂದು ಅವರು ಕೊನೆಯ ಸಲ ತೆರೆದು ನೋಡಿದ್ದು ಹತ್ತೂವರೆಗೆ. ಒಂದು ಗಂಟೆ ಇಪ್ಪತ್ತು ನಿಮಿಷ ಕಾದಿದ್ದಾರೆ.

ಇದನ್ನು ಯಾರಿಗೆ ಬೇಕಾದರೂ ತೋರಿಸು.

ತಮ್ಮ


ಏಪ್ರಿಲ್ 4

ಪ್ರತಿ ತಲುಪಿತು. ಓದಿದೆ. ಅದರ ಬಗ್ಗೆ ನಾನು ಏನೂ ಬರೆಯುವುದಿಲ್ಲ.

ಅಂದೇ ಅಧಿಕಾರಿಯ ಕಚೇರಿಗೆ ಹೋದೆ. ಮಿಲ್ಲಿನ ವಕೀಲ ತಿರುಗಿಸಿ ಮುರುಗಿಸಿ ನೋಡಿ ‘ಇದನ್ನ ಯಾರು ಬೇಕಾದ್ರೂ ಟೈಪ್ ಮಾಡಬಹುದು’ ಅಂದ. ಬರೆದವರು ಬಂದು ಎದುರಿಗೆ ನಿಂತು ಇದು ನನ್ನದೇ ಎಂದು ಹೇಳಿದರೆ ತೆಗೆದುಕೊಳ್ಳುತ್ತೇನೆ ಎಂದರು ಅಧಿಕಾರಿ. ಅವರು ಕೊಟ್ಟಿರುವುದು ಒಂದೇ ದಿನ. ಏಪ್ರಿಲ್ ಹನ್ನೊಂದು, ಬೆಳಿಗ್ಗೆ ಹತ್ತೂವರೆ. ಅದೇ ಹದಿನೈದನೇ ದಿನ, ಆಮೇಲೆ ಕಡತ ಮುಚ್ಚುತ್ತಾರೆ.

ಅದು ನಿನ್ನ ಮೌಖಿಕ ಪರೀಕ್ಷೆಯ ದಿನ ಎಂದು ನನಗೆ ಗೊತ್ತು. ಬೇರೆ ದಿನ ಕೊಡಿ ಎಂದು ಕೇಳಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಎರಡು ಸಲ ಕೇಳಿದೆ. ಕೊಡಲಿಲ್ಲ.

ಬಾ.


ಏಪ್ರಿಲ್ 7

ಅಕ್ಕ,

ಮೇಡಂ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಬಾಗಿಲು ಹಾಕಿಕೊಂಡು ಅತ್ತರು. ಆದರೂ ದಿನ ಬದಲಾಗುವುದಿಲ್ಲ. ಪರೀಕ್ಷಕರು ಹನ್ನೆರಡಕ್ಕೆ ದೇಶ ಬಿಡುತ್ತಾರೆ. ಹಾಜರಾಗದಿದ್ದರೆ ನೋಂದಣಿ ಅಲ್ಲಿಗೆ ಮುಗಿಯಿತು, ನಿಯಮ ಅಷ್ಟೇ.

ಸಹಿ ಮಾಡಿದ ಹೇಳಿಕೆ ಕಳಿಸಿದರೆ ಸಾಲದೇ? ನೋಟರಿ ಮಾಡಿಸುತ್ತೇನೆ. ವಿಡಿಯೋದಲ್ಲಿ ಹೇಳುತ್ತೇನೆ. ಸಂಚಾಲಕನನ್ನು ಕಳಿಸುತ್ತೇನೆ, ಸರ್ವರ್ ಅವನ ಕೈಯಲ್ಲೇ ಇರುವುದು. ತಪ್ಪಿಸಿಕೊಳ್ಳಲು ಕೇಳುತ್ತಿಲ್ಲ, ಆಣೆ ಮಾಡಿ ಹೇಳುತ್ತೇನೆ. ಐದು ವರ್ಷ, ಅಕ್ಕ. ಅಪ್ಪ ಹೋದ ಮೇಲೆ ನಿನ್ನ ಓದು ನಿಲ್ಲಿಸಿ ನನ್ನನ್ನು ಓದಿಸಿದವಳು ನೀನು. ಅದು ನಿನ್ನದೂ ಹೌದಲ್ಲವೇ? ಏನಾದರೊಂದು ದಾರಿ ಇದ್ದರೆ ಹೇಳು. ಈ ಕಾಗದ ಹನ್ನೊಂದರೊಳಗೆ ನಿನಗೆ ಸಿಗುತ್ತದೋ ಇಲ್ಲವೋ ಅದೂ ಗೊತ್ತಿಲ್ಲ.

ತಮ್ಮ


ಏಪ್ರಿಲ್ 13

ತಮ್ಮಾ,

ಏಳನೇ ತಾರೀಕಿನ ನಿನ್ನ ಕಾಗದ ನಿನ್ನೆ ಬಂತು. ಹನ್ನೊಂದಕ್ಕೆ ಮುಂಚೆ ಬಂದಿದ್ದರೆ ನಾನು ಏನು ಬರೆಯುತ್ತಿದ್ದೆನೋ, ಬಾರದ್ದೇ ಒಳ್ಳೆಯದಾಯಿತು.

ಹತ್ತೂಕಾಲಿನವರೆಗೂ ಬಾಗಿಲನ್ನೇ ನೋಡುತ್ತ ಕೂತಿದ್ದೆ. ನೀನು ಬರುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆ. ಬಂದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದೆ, ಪರೀಕ್ಷೆಗೆ ಎಂದು ಹೊಲಿಸಿದ್ದು ಅಂತ ನೋಡಿದರೇ ತಿಳಿಯುತ್ತಿತ್ತು.

ನೀನು ಹೇಳಿದ್ದನ್ನು ಒಂದಕ್ಷರ ಬಿಡದೆ ಕೇಳಿದೆ. ನೂರ ನಲವತ್ತೊಂದು ಎಂದೆ, ಮೂವತ್ತು ಮಾತ್ರ ಓದಿದೆ ಎಂದೆ, ಫೋನು ಅದುರಿದ್ದು ಹೇಳಿದೆ. ವಕೀಲ ‘ಅಂದ್ರೆ ತಪ್ಪು ನಿಮ್ಮದು, ಮಿಲ್ಲಿಂದಲ್ಲ’ ಎಂದಾಗ ‘ನನ್ನದು ಹೌದು. ಮೀಟರ್ ಕೊಡದೆ ಇಳಿಸಿದ್ದು ನಿಮ್ಮದು’ ಎಂದೆಯಲ್ಲ, ಅಲ್ಲಿ ನಿನ್ನ ದನಿ ನಡುಗಲಿಲ್ಲ. ಎರಡನೇ ಪ್ರಶ್ನೆಯನ್ನು ಅಧಿಕಾರಿ ತಾವೇ ಗಟ್ಟಿಯಾಗಿ ಓದಿದರು. ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಸ್ವಂತ ನಿರ್ಲಕ್ಷ್ಯ’ವನ್ನು ಹೊಡೆದುಹಾಕಿದರು. ಮೀಟರ್ ಬರುವವರೆಗೆ ಗುಂಡಿಗೆ ಬೀಗ. ವೆಲ್ಡರಣ್ಣ ಹದಿನೈದಕ್ಕೆ ಇಳಿಯುವುದಿಲ್ಲ. ನಿನ್ನ ಮೇಲೆ ಬೇರೆ ಕಡತ ತೆರೆಯುತ್ತಾರಂತೆ, ಅದು ಏನಾಗುತ್ತದೋ ಯಾರಿಗೂ ತಿಳಿಯದು.

ನೀನು ಹೊರಗೆ ಹೋದ ಮೇಲೆ ಅಧಿಕಾರಿ ನನ್ನ ಕಡೆ ತಿರುಗಿ ‘ಈ ಸಾಕ್ಷಿ ನಿಮಗೆ ಏನಾಗ್ಬೇಕು?’ ಎಂದು ಕೇಳಿದರು. ನೀನು ಅದನ್ನು ಹೇಳಿರಲಿಲ್ಲ. ‘ತಮ್ಮ’ ಎಂದೆ. ಅವರು ಬರೆದುಕೊಂಡರು.

ಗೇಟಿನ ಹತ್ತಿರ ನೀನು ಕಾಯುತ್ತ ನಿಂತಿದ್ದೆ. ನಾನು ಮುಖ ತಿರುಗಿಸಿ ಹೋದೆ. ಅಕ್ಕನಿಗೆ ನನ್ನ ಮೇಲೆ ಸಿಟ್ಟು ಎಂದು ತಿಳಿದುಕೊಂಡೇ ಬಸ್ಸು ಹತ್ತಿರುತ್ತೀಯ. ಸಿಟ್ಟಿದೆ. ಅದು ಯಾವತ್ತು ಹೋಗುತ್ತದೆ ಎಂದು ನನ್ನನ್ನು ಕೇಳಬೇಡ. ಆದರೆ ಮುಖ ತಿರುಗಿಸಿದ್ದು ಅದಕ್ಕಲ್ಲ.

ಎಂಟನೇ ತಾರೀಕಿನ ಸಂಜೆಯ ಮಾತನ್ನು ನಿನಗೆ ಅರ್ಧವೇ ಬರೆದಿದ್ದೆ. ‘ಮೇಷ್ಟ್ರು ಸರಿ ಅಂದ್ಬಿಟ್ರು ಕಣೇ’ ಎಂದ ಮೇಲೆ, ಊಟ ಮುಗಿಸಿ ಎದ್ದಾಗ ಇವರು ಇನ್ನೂ ಒಂದು ಮಾತು ಹೇಳಿದರು. ‘ಆದ್ರೂ ಯಾಕೋ ಮನಸ್ಸು ಒಪ್ತಿಲ್ಲ. ನಾಳೆ ಆಗಲ್ಲ ಅಂತ ಸೂಪರ್‌ವೈಸರಿಗೆ ಹೇಳಿಬಿಡ್ಲಾ?’ ಎಂದು ನನ್ನನ್ನು ಕೇಳಿದರು. ನಾನು ತಟ್ಟೆ ತೊಳೆಯುತ್ತಿದ್ದೆ. ತಿರುಗಿ ಕೂಡ ನೋಡದೆ ‘ನನ್ನ ತಮ್ಮ ಐದು ವರ್ಷ ಅದನ್ನೇ ಓದಿದ್ದಾನೆ. ಅವನು ಸರಿ ಅಂದ್ರೆ ಸರಿ. ಮೇಸ್ತ್ರಿ ಆಗೋ ಹೊತ್ತಲ್ಲಿ ಕೆಲಸ ಮಾಡಲ್ಲ ಅನ್ಬೇಡಿ’ ಎಂದೆ. ಅವರು ಆಯಿತು ಎಂದರು.

ಇದನ್ನು ಅಧಿಕಾರಿಗೆ ಹೇಳಲಿಲ್ಲ. ನೀನು ಅಷ್ಟು ಜನರ ಎದುರು ನಿಂತು ನಿನ್ನದನ್ನೆಲ್ಲ ಹೇಳಿದೆ, ನಾನು ಪಕ್ಕದ ಬೆಂಚಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಕಾಗದಕ್ಕೆ ಮಾತ್ರ ಹೇಳುತ್ತಿದ್ದೇನೆ.

ಮನೆಗೆ ಬಾ ಎಂದು ಈಗ ಕರೆಯುವುದಿಲ್ಲ. ನೀನು ಬಂದರೆ ಊಟಕ್ಕೆ ಕೂರಿಸಬೇಕು, ಅದೇ ತಟ್ಟೆ ಇಡಬೇಕು, ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಬೇಕು. ನನ್ನಿಂದ ಇನ್ನೂ ಆಗುವುದಿಲ್ಲ.

ಅಕ್ಕ